ಯುರೇನಸ್ ಸಿದ್ದಮ್ಮ

ಚಾಮರಾಜಪೇಟೆಯ ಆ ಪ್ರೌಢಶಾಲೆಯಲ್ಲಿ ಹದಿನಾರು ವರ್ಷ ನೀರು ತುಂಬಿಸಿ, ಕಸ ಗುಡಿಸಿ, ಗಂಟೆ ಬಾರಿಸಿದ ಹೆಂಗಸಿಗೆ ಸಿದ್ದಮ್ಮ ಅನ್ನುವ ಹೆಸರಿತ್ತೆಂದು ಅಲ್ಲಿ ಓದಿದ ಮುಕ್ಕಾಲುಪಾಲು ಮಕ್ಕಳಿಗೆ ಗೊತ್ತೇ ಇರಲಿಲ್ಲ. ಅವರ ಪಾಲಿಗೆ ಅವಳು ಯುರೇನಸ್. "ಯುರೇನಸ್ ಬೆಲ್ ಹತ್ರ ಹೋಗ್ತಾ ಇದೆ ಕಣೋ, ಪುಸ್ತಕ ಎತ್ಕೋ" ಅನ್ನುತ್ತಿದ್ದರು. ಹೋಗ್ತಾ ಇದಾಳೆ ಅಂತಲೂ ಅಲ್ಲ, ಹೋಗ್ತಾ ಇದೆ.

ಆ ಹೆಸರು ಬರುವುದಕ್ಕೆ ಐದು ವರ್ಷ ಮೊದಲು ಅವಳ ಸೊಂಟ ಮುರಿದಿತ್ತು. ಅರವತ್ತೆಂಟನೇ ಇಸವಿಯಲ್ಲಿ ಕುಮಾರ ಪಾರ್ಕಿನಲ್ಲಿ ಯಾರದೋ ಎರಡಂತಸ್ತಿನ ಮನೆ ಏಳುತ್ತಿತ್ತು. ಸಿದ್ದಮ್ಮ, ಅವಳ ಗಂಡ ಆಂಜಿನಯ್ಯ ಇಬ್ಬರೂ ಅಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ತಲೆಯ ಮೇಲೆ ಗಾರೆ ತುಂಬಿದ ಬಾಂಡ್ಲಿ ಇಟ್ಟುಕೊಂಡು ಸಾರುವೆ ಹತ್ತುತ್ತಿದ್ದಾಗ ಕಾಲಡಿಯ ಮರದ ತುಂಡು ಜಾರಿತು. ಬಿದ್ದವಳನ್ನು ಕಾಟನ್‌ಪೇಟೆಯ ಮನೆಗೆ ಹೊತ್ತು ತಂದರು. ಮೂಳೆ ಕಟ್ಟುವವನೊಬ್ಬ ಬಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಮೂರು ತಿಂಗಳು ಮಲಗಿ ಎದ್ದಾಗ ಸೊಂಟ ಕೂಡಿಕೊಂಡಿತ್ತು, ಆದರೆ ಕೂಡಬೇಕಾದ ರೀತಿಯಲ್ಲಿ ಅಲ್ಲ. ಬಲಗಡೆಗೆ ಪೂರ್ತಿ ವಾಲಿಕೊಂಡಳು. ನಡೆದರೆ ಬಲ ಭುಜ ಕೆಳಗೆ ಹೋಗಿ, ತಲೆ ಅಡ್ಡಡ್ಡವಾಗಿ, ಈಗ ಬಿದ್ದಳು ಆಗ ಬಿದ್ದಳು ಅನ್ನಿಸುವ ಹಾಗೆ ನಡೆಯುತ್ತಿದ್ದಳು. ಬೀಳುತ್ತಿರಲಿಲ್ಲ.

ಆಂಜಿನಯ್ಯ ಅವಳು ಎದ್ದು ನಡೆಯುವುದನ್ನು ಎರಡು ದಿನ ನೋಡಿದ. ಮೂರನೇ ದಿನ, "ಹೊಸೂರ್ ಕಡೆ ಕೆಲ್ಸ ಐತಂತೆ, ನೋಡ್ಕಂಡು ಬತ್ತೀನಿ" ಎಂದು ಹೋದ. ನಾಲ್ಕು ವರ್ಷದ ಮಗಳು ಹನುಮಕ್ಕ ಬಾಗಿಲ ತನಕ ಹೋಗಿ ಕೈ ಬೀಸಿತು. ಹೊಸೂರಿನಲ್ಲಿ ನೆಟ್ಟಗೆ ನಡೆಯುವವಳೊಬ್ಬಳು ಅವನಿಗೆ ಸಿಕ್ಕಿದ್ದಾಳೆಂದು ಆಮೇಲೆ ಯಾರೋ ಬಂದು ಹೇಳಿದರು. ಹೇಳಿದವರಿಗೆ ಸಿದ್ದಮ್ಮ ಕಾಫಿ ಕಾಸಿ ಕೊಟ್ಟಳು.

ಅದಾಗಿ ಎರಡು ವರ್ಷಕ್ಕೆ ಶಾಲೆಯ ಕೆಲಸ ಕೊಡಿಸಿದ್ದು ಅಲ್ಲಿನ ಗುಮಾಸ್ತ ಶೀನಣ್ಣ. ದಿನಗೂಲಿ. ಕೊಡವನ್ನು ಎಡಸೊಂಟದ ಮೇಲೆ ಇಟ್ಟುಕೊಂಡರೆ ಬಲಕ್ಕೆ ವಾಲಿದ ಮೈಗೆ ಒಂದು ಸಮತೂಕ ಬರುತ್ತಿತ್ತು. ಹಾಗಾಗಿ ತುಂಬಿದ ಕೊಡ ಇದ್ದಾಗಲೇ ಅವಳು ಎಲ್ಲಕ್ಕಿಂತ ನೆಟ್ಟಗೆ ನಡೆಯುತ್ತಿದ್ದದ್ದು. ಖಾಲಿ ಕೈಯಲ್ಲಿ ನಡೆಯುವುದೇ ಅವಳಿಗೆ ಕಷ್ಟ.

ವಿಜ್ಞಾನದ ಮೇಷ್ಟ್ರು ಶ್ರೀನಿವಾಸಯ್ಯನವರು ಬಸವನಗುಡಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಕೆಟ್ಟ ಮನುಷ್ಯ ಅಂತ ಅವರನ್ನು ಯಾರೂ ಅಂದದ್ದಿಲ್ಲ. ಬೆತ್ತ ಹಿಡಿಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ನಿಂಬೆಹಣ್ಣಿಗೆ ತಂತಿ ಚುಚ್ಚಿ ಕರೆಂಟು ತೋರಿಸುತ್ತಿದ್ದರು, ಬಲೂನು ಊದಿ ಬಿಟ್ಟು ರಾಕೆಟ್ ಹೇಗೆ ಹೋಗುತ್ತದೆಂದು ಹೇಳುತ್ತಿದ್ದರು. ಅವರ ತರಗತಿಯಲ್ಲಿ ದಿನಕ್ಕೊಂದು ಸಲವಾದರೂ ನಗು ಏಳಲೇಬೇಕು. ನಗದ ಮಕ್ಕಳಿಗೆ ಪಾಠ ಹತ್ತುವುದಿಲ್ಲ ಎಂಬುದು ಅವರ ಸಿದ್ಧಾಂತ.

ಎಪ್ಪತ್ತಮೂರನೇ ಇಸವಿ, ಎಂಟನೇ ತರಗತಿಗೆ ಸೌರಮಂಡಲದ ಪಾಠ. ಊಟ ಮುಗಿಸಿ ಬಂದ ಮಕ್ಕಳು ತೂಕಡಿಸುತ್ತಿದ್ದರು. ಶನಿ ಮುಗಿದು ಯುರೇನಸ್ಸಿಗೆ ಬಂದಿದ್ದರು ಮೇಷ್ಟ್ರು.

"ಬರಿಗಣ್ಣಿಗೆ ಕಾಣೋದೇ ಕಷ್ಟ, ಅಷ್ಟು ದೂರ. ಹಸಿರು ಬೆರೆಸಿದ ನೀಲಿ ಬಣ್ಣ. ಮೀಥೇನ್ ಅನ್ನೋ ಅನಿಲದಿಂದ ಬಂದ ಬಣ್ಣ. ಕೊರೀತಿರೋ ಚಳಿ, ನಮ್ಮ ಐಸ್‌ಕ್ಯಾಂಡಿ ಅಲ್ಲಿಗೆ ತಗೊಂಡೋದ್ರೆ ಬೆಂಕಿ ಅನ್ಸುತ್ತೆ. ಸೂರ್ಯನ ಸುತ್ತ ಒಂದು ಸುತ್ತು ಬರೋಕೆ ಎಂಬತ್ತನಾಲ್ಕು ವರ್ಷ. ಇದೆಲ್ಲ ಬಿಡಿ. ವಿಶೇಷ ಏನು ಗೊತ್ತಾ? ಭೂಮಿ ಬುಗುರಿ ಥರ ಸ್ವಲ್ಪ ವಾಲಿ, ನಿಂತ್ಕೊಂಡು ತಿರುಗುತ್ತೆ. ಇದು ಮಾತ್ರ ಅಡ್ಡ ಬಿದ್ದು, ಪೀಪಾಯಿ ಉರುಳಿದ ಹಾಗೆ ಉರುಳಿಕೊಂಡು ಹೋಗುತ್ತೆ. ಅರ್ಥ ಆಯ್ತಾ?"

ಯಾರಿಗೂ ಆಗಿರಲಿಲ್ಲ. ಅದೇ ಹೊತ್ತಿಗೆ ಸಿದ್ದಮ್ಮ ಖಾಲಿ ಕೊಡ ಹಿಡಿದುಕೊಂಡು ಬಾಗಿಲ ಮುಂದೆ ಹಾದು ಹೋದಳು.

"ಸಿದ್ದಮ್ಮ, ಬಾರಮ್ಮ ಇಲ್ಲಿ. ಕೊಡ ಅಲ್ಲೇ ಇಡು. ಈ ಮೇಜಿನ ಸುತ್ತ ಒಂದು ಸುತ್ತು ಬಾ."

ಮೇಜಿನ ಮೇಲೆ ಸೂರ್ಯನೆಂದು ಒಂದು ಫುಟ್‌ಬಾಲ್ ಇಟ್ಟಿದ್ದರು. ಏನೋ ಗುಡಿಸಬೇಕಾಗಿದೆ ಅಂದುಕೊಂಡು ಸಿದ್ದಮ್ಮ ನೆಲ ನೋಡುತ್ತ ಒಂದು ಸುತ್ತು ಬಂದಳು. ತರಗತಿ ಗೊಳ್ಳೆಂದಿತು. ಆ ಮೇಷ್ಟ್ರ ತರಗತಿಯಲ್ಲಿ ನಗು ದಿನವೂ ಇದ್ದದ್ದೇ, ಅವಳಿಗೆ ಅದು ವಿಶೇಷವೆನಿಸಲಿಲ್ಲ. "ಗೊತ್ತಾಯ್ತಾ ಈಗ?" ಅಂದರು ಮೇಷ್ಟ್ರು. ನಲವತ್ತು ಗಂಟಲು ಒಟ್ಟಿಗೆ "ಗೊತ್ತಾಯ್ತು ಸಾರ್" ಅಂದವು. "ಹೋಗಮ್ಮ, ಆಯ್ತು." ಆ ವರ್ಷದ ಪರೀಕ್ಷೆಯಲ್ಲಿ ಯುರೇನಸ್ಸಿನ ಪ್ರಶ್ನೆಗೆ ಒಬ್ಬನೂ ತಪ್ಪು ಬರೆಯಲಿಲ್ಲ. ಮೇಷ್ಟ್ರಿಗೆ ಇದು ಸಂತೋಷದ ವಿಷಯವೇ. ಮರುವರ್ಷವೂ ಕರೆದರು. ಅದರ ಮರುವರ್ಷವೂ.

ಹೆಸರು ಮಾತ್ರ ವರ್ಷಪೂರ್ತಿ ಓಡಾಡಿತು. ಶಾಲೆಯಿಂದ ಬೀದಿಗೆ ಹೋಯಿತು, ಬೀದಿಯಿಂದ ಕಾಟನ್‌ಪೇಟೆಯ ವಠಾರಕ್ಕೆ ಬಂತು. ಸಿದ್ದಮ್ಮನಿಗೆ ಅದೇನೆಂದು ತಿಳಿಯದೆ ಒಂದು ದಿನ ಶೀನಣ್ಣನನ್ನು ಕೇಳಿದಳು.

"ಶೀನಣ್ಣ, ಯುರೇನಸ್ ಅಂದ್ರೆ ಬೈಗುಳ್ವಾ?"

ಶೀನಣ್ಣನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ನಿಜ ಹೇಳುವ ಧೈರ್ಯವೂ ಇರಲಿಲ್ಲ. ರಿಜಿಸ್ಟರಿನಿಂದ ತಲೆ ಎತ್ತದೆ, "ಬೈಗುಳ ಯಾಕಮ್ಮ? ಆಕಾಶದಲ್ಲಿರೋದು ಅದು. ದೊಡ್ಡದು. ನಮ್ಮ ಭೂಮಿಯಂಥವು ಅರವತ್ತು ತುರುಕಬಹುದಂತೆ ಅದರೊಳಗೆ" ಅಂದ.

ಸಿದ್ದಮ್ಮನಿಗೆ ಅಷ್ಟು ಸಾಕಾಯಿತು. ಬೆಳಿಗ್ಗೆ ನಲ್ಲಿಯ ಹತ್ತಿರ ಪಕ್ಕದ ಮನೆಯ ಅಕ್ಕಯಮ್ಮ ಕೊಡ ಇಡುತ್ತ "ಏನೇ ಅದು, ಹುಡುಗರು ಏನೋ ಕೂಗ್ತವಲ್ಲ ನಿನ್ನ?" ಎಂದರೆ ಸಿದ್ದಮ್ಮ ಸೆರಗು ಸರಿಮಾಡಿಕೊಂಡು, "ಆಕಾಶದಾಗಿರೋ ನಕ್ಷತ್ರ ಅಕ್ಕ. ಮೇಷ್ಟ್ರು ವರ್ಷಾ ವರ್ಷಾ ಪಾಠಕ್ಕೆ ಕರೀತಾರೆ. ನಾನಿಲ್ದೆ ಆ ಪಾಠ ನಡಿಯಾಕಿಲ್ಲ" ಅನ್ನುತ್ತಿದ್ದಳು. ನಲ್ಲಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ಅಕ್ಕಯಮ್ಮನ ಮಗನೂ ಅದೇ ಶಾಲೆಯಲ್ಲಿ ಓದುತ್ತಿದ್ದ. ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ದಿನ ಬಿಟ್ಟು ದಿನ ಹೊಸಬರ ಮುಂದೆ ಕೇಳುತ್ತಿದ್ದಳು. ಪಾಠದ ದಿನ ಹತ್ತಿರ ಬಂದಾಗ ಸಿದ್ದಮ್ಮ ಇದ್ದುದರಲ್ಲಿ ಒಳ್ಳೆಯ ಸೀರೆ ಒಗೆದು ಇಟ್ಟುಕೊಳ್ಳುತ್ತಿದ್ದಳು. ಹೀಗೆ ಮೂರು ವರ್ಷ ಕಳೆಯಿತು.

ಎಪ್ಪತ್ತೇಳರ ಜೂನಿನಲ್ಲಿ ಹನುಮಕ್ಕ ಅದೇ ಶಾಲೆಯ ಎಂಟನೇ ತರಗತಿಗೆ ಬಂದಳು. ಶೀನಣ್ಣ ಹೆಡ್ಮಾಸ್ಟರ ಕೈಕಾಲು ಹಿಡಿದು ಫೀಸು ಮಾಫಿ ಮಾಡಿಸಿದ್ದ. ಹುಡುಗಿ ಮಾತು ಕಡಿಮೆ, ಓದು ಜಾಸ್ತಿ. ವಿಜ್ಞಾನವೆಂದರೆ ಪ್ರಾಣ. ಮೊದಲ ತಿಂಗಳ ಟೆಸ್ಟಿನಲ್ಲೇ ಶ್ರೀನಿವಾಸಯ್ಯನವರು ಅವಳ ಉತ್ತರಪತ್ರಿಕೆಯನ್ನು ತರಗತಿಗೆಲ್ಲ ಎತ್ತಿ ತೋರಿಸಿ, "ನೀರಿನ ಆವಿ ಬಗ್ಗೆ ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಬರೆದಿದಾಳೆ" ಅಂದರು. ಆ ಸಂಜೆ ಸಿದ್ದಮ್ಮ ಬೆಲ್ಲ ತಂದು ಪಾಯಸ ಮಾಡಿದಳು.

ಶಾಲೆ ಸೇರಿದ ವಾರಕ್ಕೇ ಹನುಮಕ್ಕನಿಗೆ ಎಲ್ಲ ತಿಳಿದಿತ್ತು. ಹಿಂದಿನ ಬೆಂಚಿನವರು ಅವಳಿಗೂ ಹೆಸರಿಟ್ಟಿದ್ದರು: ಚಂದ್ರ. ಯುರೇನಸ್ಸಿನ ಸುತ್ತ ಐದು ಚಂದ್ರಗಳಿವೆಯೆಂದು ಪುಸ್ತಕದಲ್ಲಿತ್ತು, ಇವಳು ಆರನೆಯದು. ಅವಳು ಮನೆಯಲ್ಲಿ ಬಾಯಿ ಬಿಡಲಿಲ್ಲ. ಆದರೆ ಸೌರಮಂಡಲದ ಪಾಠ ಶುರುವಾಗಿ, ತಾಯಿ ಆ ಸೀರೆಯನ್ನು ಒಗೆದು ಹರವುವುದನ್ನು ನೋಡಿದ ದಿನ ತಡೆಯಲಾಗಲಿಲ್ಲ.

"ಅವ್ವ, ಈ ಸಲ ಸಾರ್ ಕರೆದ್ರೆ ಬರ್ಬೇಡ."

"ಯಾಕವ್ವ? ನಿನ್ ಕ್ಲಾಸಿಗೇ ಈ ಸಲ. ಖುಷಿ ಆಗಾಕಿಲ್ವಾ?"

"ಅದು ನಕ್ಷತ್ರ ಅಲ್ಲ ಅವ್ವ."

"ಆಕಾಶದಾಗಿರೋದು ಅಂತ ಶೀನಣ್ಣ..."

"ಆಕಾಶದಲ್ಲಿರೋದೇ. ಗ್ರಹ. ಎಲ್ಲ ಗ್ರಹ ನೆಟ್ಟಗೆ ತಿರುಗ್ತವೆ, ಅದೊಂದು ಅಡ್ಡ ಬಿದ್ದು ತಿರುಗುತ್ತೆ. ಅಡ್ಡ ಅಂದ್ರೆ ಹೆಂಗೆ ಅಂತ ತೋರ್ಸೋಕೆ ನಿನ್ನ ನಡೆಸ್ತಾರೆ. ಅಷ್ಟೇ. ಎಲ್ಲಾರ್ಗೂ ಗೊತ್ತು. ಅಕ್ಕಯಮ್ಮಂಗೂ ಗೊತ್ತು."

ಸಿದ್ದಮ್ಮ ಹಿಂಡಿದ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಹಿಂದಿನ ವರ್ಷ ಪಾಠ ಮುಗಿಸಿ ಬಂದು ನಲ್ಲಿಯ ಹತ್ತಿರ ತಾನು ನಡೆದು ತೋರಿಸಿದ್ದು ಅವಳ ನೆನಪಿಗೆ ಬಂತು. ಹೀಗೆ ಒಂದು ಸುತ್ತು ಬಂದೆ ಅಂತ, ಕೇಳಿದವರಿಗೆಲ್ಲ, ಎರಡೆರಡು ಸಲ.

ಮಾರನೇ ದಿನ ಹೋಗಿ ಮೇಷ್ಟ್ರಿಗೆ ಆಗೋಲ್ಲ ಎಂದುಬಿಡಬೇಕೆಂದುಕೊಂಡೇ ಅವಳು ಹೋದದ್ದು. ಆದರೆ ಹೆಡ್ಮಾಸ್ಟರೇ ಅವಳನ್ನು ಕೋಣೆಗೆ ಕರೆಸಿದರು. ಗುರುವಾರ ಆಡಳಿತ ಮಂಡಳಿಯ ಕಾರ್ಯದರ್ಶಿ ದೊಡ್ಡಬೈರಪ್ಪನವರು ಶಾಲೆ ನೋಡಲು ಬರುತ್ತಾರೆ. ಅವರಿಗೆ ತೋರಿಸಲು ಶ್ರೀನಿವಾಸಯ್ಯನವರ ಈ ಪಾಠವನ್ನೇ ಗೊತ್ತು ಮಾಡಿದೆ. ಸಿದ್ದಮ್ಮನ ಕೆಲಸ ಕಾಯಂ ಮಾಡಬೇಕೆಂಬ ಅರ್ಜಿಯೂ ಅವತ್ತೇ ಅವರ ಮುಂದೆ ಹೋಗುತ್ತದೆ.

"ಏಳು ವರ್ಷದಿಂದ ಕಾಯ್ತಿದೀಯ. ಅವತ್ತು ಸ್ವಲ್ಪ ಚೆನ್ನಾಗಿ ಮಾಡಮ್ಮ" ಅಂದರು ಹೆಡ್ಮಾಸ್ಟರು.

ಚೆನ್ನಾಗಿ ಮಾಡುವುದೆಂದರೆ ಏನೆಂದು ಸಿದ್ದಮ್ಮ ಕೇಳಲಿಲ್ಲ. ಕಾಯಂ ಆದರೆ ಮಗಳ ಕಾಲೇಜಿನ ತನಕ ಚಿಂತೆ ಇರುವುದಿಲ್ಲ ಎಂದಷ್ಟೇ ಲೆಕ್ಕ ಹಾಕಿದಳು. ಮನೆಗೆ ಬಂದು, "ಇದೊಂದು ಸಲ ಕಣವ್ವ. ನೀನು ನನ್ ಕಡೆ ನೋಡ್ಬೇಡ, ಪುಸ್ತಕ ನೋಡ್ತಿರು" ಅಂದಳು.

ಆ ವರ್ಷ ಮೇಷ್ಟ್ರ ಪಾಠದಲ್ಲಿ ಒಂದು ಹೊಸ ಸಂಗತಿ ಸೇರಿತ್ತು. ಮಾರ್ಚಿನಲ್ಲಿ ಆ ಗ್ರಹ ಒಂದು ನಕ್ಷತ್ರಕ್ಕೆ ಅಡ್ಡ ಬಂದಾಗ, ನಕ್ಷತ್ರದ ಬೆಳಕು ಮರೆಯಾಗುವ ಮೊದಲೇ ಹಲವು ಸಲ ಮಿಣುಕಿ ಆರಿತಂತೆ. ಅದರಿಂದ ಯುರೇನಸ್ಸಿನ ಸುತ್ತಲೂ ಉಂಗುರಗಳಿವೆಯೆಂದು ತಿಳಿಯಿತಂತೆ. ಇದನ್ನು ಪತ್ರಿಕೆಯಲ್ಲಿ ಓದಿ ಶ್ರೀನಿವಾಸಯ್ಯನವರಿಗೆ ವಾರಗಟ್ಟಲೆ ನಿದ್ದೆ ಸರಿಯಾಗಿ ಬಂದಿರಲಿಲ್ಲ, ಅಷ್ಟು ಹಿಗ್ಗಿದ್ದರು. ಪುಸ್ತಕದಲ್ಲಿ ಇನ್ನೂ ಅಚ್ಚಾಗದ ವಿಷಯವನ್ನು ತಮ್ಮ ಮಕ್ಕಳಿಗೆ ತಾವೇ ಮೊದಲು ಹೇಳಬೇಕೆಂಬ ಆಸೆ. ಅದಕ್ಕೇ ಗುರುವಾರ ಮನೆಯಿಂದ ಒಂದು ಹಳೇ ಸೈಕಲ್ ಟೈರು ತಂದಿದ್ದರು.

ದೊಡ್ಡಬೈರಪ್ಪನವರಿಗೆ ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇತ್ತು. ಬಿಳಿ ಪಂಚೆ, ಬಿಳಿ ಶರಟು, ಹೆಗಲ ಮೇಲೆ ವಲ್ಲಿ. ಹೆಡ್ಮಾಸ್ಟರ ಜೊತೆ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಪಾಠ ಚೆನ್ನಾಗಿಯೇ ನಡೆಯಿತು. ಮೇಷ್ಟ್ರು ಆ ಗ್ರಹದ ಒಂದು ಧ್ರುವಕ್ಕೆ ನಲವತ್ತೆರಡು ವರ್ಷ ಒಂದೇ ಸಮ ಹಗಲು, ಆಮೇಲೆ ನಲವತ್ತೆರಡು ವರ್ಷ ಒಂದೇ ಸಮ ರಾತ್ರಿ ಎಂದಾಗ ದೊಡ್ಡಬೈರಪ್ಪನವರು "ಅಬ್ಬಬ್ಬಾ" ಅಂದರು. ಆಮೇಲೆ ಮೇಷ್ಟ್ರು ಸಿದ್ದಮ್ಮನನ್ನು ಕರೆದರು.

ಅವಳು ಮೊದಲ ಸುತ್ತು ನಡೆದಳು. ಹಿಂದಿನ ನಾಲ್ಕು ವರ್ಷ ನೆಲ ನೋಡಿಕೊಂಡು, ಏನೂ ಗೊತ್ತಿಲ್ಲದೆ ನಡೆದಿದ್ದಳು. ಈಗ ಪ್ರತಿ ಹೆಜ್ಜೆಗೂ ತನ್ನ ಭುಜ ಎಲ್ಲಿಗೆ ಇಳಿಯುತ್ತದೆ, ತಲೆ ಎತ್ತ ವಾಲುತ್ತದೆ ಎಂದು ತನಗೇ ಕಾಣುತ್ತಿತ್ತು. ನೆಟ್ಟಗಾಗಲು ನೋಡಿದಳು. ನೋಡಿದಷ್ಟೂ ಮೈ ಇನ್ನೂ ಹೆಚ್ಚಾಗಿ ಬಾಗಿತು.

"ಈಗ ಉಂಗುರ" ಅಂದರು ಮೇಷ್ಟ್ರು. ಟೈರನ್ನು ಅವಳ ತಲೆಯ ಮೇಲಿಂದ ಇಳಿಬಿಟ್ಟರು. ಅದು ಸೊಂಟದಲ್ಲಿ ನಿಲ್ಲದೆ ಕಾಲಿಗೆ ಜಾರಿ ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ಅಷ್ಟರಲ್ಲಿ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡಿದ್ದರು. "ಯಾರಾದ್ರೂ ಹಿಂದುಗಡೆ ಹಿಡ್ಕೋಬೇಕಲ್ಲ" ಎಂದು ಮೇಷ್ಟ್ರು ಸುತ್ತ ನೋಡಿದರು. "ಹನುಮಕ್ಕ, ನೀನೇ ಬಾ. ನಿಮ್ಮಮ್ಮನೇ ಅಲ್ವಾ, ನೀನು ಹಿಡ್ಕೊಂಡ್ರೆ ಆಕೆಗೂ ಸಂಕೋಚ ಇರೋಲ್ಲ."

ಇದನ್ನು ಅವರು ದಯೆಯಿಂದಲೇ ಹೇಳಿದ್ದು. ಅದೇ ಹೆಚ್ಚು ಚುಚ್ಚುವಂಥದ್ದು.

ಹನುಮಕ್ಕ ಎರಡನೇ ಸಾಲಿನಿಂದ ಎದ್ದು ಬಂದಳು. ಟೈರಿನ ಹಿಂಭಾಗ ಹಿಡಿದಳು. "ಪಕ್ಕಕ್ಕೆ ವಾಲ್ಸಮ್ಮ, ಗ್ರಹ ಅಡ್ಡ ಇದ್ರೆ ಉಂಗುರಾನೂ ಅಡ್ಡ ಇರ್ಬೇಕಲ್ಲ." ವಾಲಿಸಿದಳು. ತಾಯಿ ಮುಂದೆ, ಮಗಳು ಹಿಂದೆ, ಫುಟ್‌ಬಾಲಿನ ಸುತ್ತ ಎರಡು ಸುತ್ತು. ಎರಡನೇ ಸುತ್ತಿನಲ್ಲಿ ಟೈರು ನಡುಗುತ್ತಿರುವುದು ಸಿದ್ದಮ್ಮನ ಸೊಂಟಕ್ಕೆ ತಿಳಿಯಿತು. ಮಗು ಅಳುತ್ತಿದೆ ಅಂದುಕೊಂಡಳು. ಕತ್ತು ತಿರುಗಿಸಿ ನೋಡಿದಳು.

ಹನುಮಕ್ಕ ನಗುತ್ತಿದ್ದಳು. ಬಾಯಿ ಬಿಗಿಹಿಡಿದಿದ್ದಳು, ಆದರೂ ನಗು ಮೂಗಿನಿಂದ, ಭುಜದಿಂದ ಹೊರಗೆ ಬರುತ್ತಿತ್ತು. ತಾಯಿ ನೋಡಿದ್ದು ಕಂಡು ಇನ್ನೂ ಜೋರಾಗಿ ನಕ್ಕಳು.

ಪಾಠ ಮುಗಿದ ಮೇಲೆ ಸಿದ್ದಮ್ಮ ಹೆಡ್ಮಾಸ್ಟರ ಕೋಣೆಗೆ ಕಾಫಿ ತಗೊಂಡು ಹೋದಳು. ದೊಡ್ಡಬೈರಪ್ಪನವರು ಇನ್ನೂ ವಲ್ಲಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಭಾರಿ ಪಾಠ ಮೇಷ್ಟ್ರೇ. ನಮ್ ಕಾಲ್ದಾಗೆ ಹಿಂಗೆ ಹೇಳ್ಕೊಟ್ಟಿದ್ರೆ ನಾನೂ ಎಸ್ಸೆಸ್ಸೆಲ್ಸಿ ಪಾಸಾಗ್ತಿದ್ದೆ. ಜನ್ಮದಲ್ಲಿ ಮರೆಯಾಕಿಲ್ಲ ನೋಡಿ ಇದನ್ನ."

ಹೆಡ್ಮಾಸ್ಟರು ಅರ್ಜಿಯನ್ನು ಮುಂದೆ ಸರಿಸಿದರು. ದೊಡ್ಡಬೈರಪ್ಪನವರು ಕನ್ನಡಕ ಹಾಕಿಕೊಂಡು ಓದಿದರು.

"ಯಾರು, ಇದೇ ಆಯಮ್ಮನ್ದಾ? ಬ್ಯಾಡ ಬುಡಿ. ಈಗ ತಾನೆ ಕಣ್ಣಾರೆ ನೋಡುದ್ನಲ್ಲ. ಹಿಂಗೆ ನಡೆಯೋರನ್ನ ಕಾಯಂ ಮಾಡ್ಕಂಡು, ನಾಳೆ ಮೆಟ್ಲಲ್ಲಿ ಬಿದ್ರೆ ಸಾಯೋಗಂಟ ನಾವು ಸಾಕ್ಬೇಕಾಗ್ತದೆ. ಕೂಲಿ ಮೇಲೆ ಇರ್ಲಿ, ಬ್ಯಾಡ ಅನ್ನಲ್ಲ."

ಸಿದ್ದಮ್ಮ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಅವಳಿಗೆ ಕೇಳಿಸುತ್ತದೆಂದು ಯಾರಿಗೂ ಅನ್ನಿಸಿದಂತೆ ಕಾಣಲಿಲ್ಲ. ಅವಳು ಶ್ರೀನಿವಾಸಯ್ಯನವರ ಮುಖ ನೋಡಿದಳು. ಅವರು ಕಾಫಿಯ ಮೇಲೆ ಕಟ್ಟಿದ ಕೆನೆಯನ್ನು ಬೆರಳಲ್ಲಿ ತೆಗೆಯುತ್ತಿದ್ದರು.

ಆ ಸಂಜೆ ಅವಳು ಮಗಳನ್ನು ಹೊಡೆದಳು. ಹದಿಮೂರು ವರ್ಷದಲ್ಲಿ ಒಂದು ಏಟೂ ಹಾಕಿದವಳಲ್ಲ. ಕಸಪೊರಕೆಯ ಹಿಂಬದಿಯಿಂದ ಕಾಲಿಗೆ, ಬೆನ್ನಿಗೆ, ತಡೆಯಲು ಬಂದ ಕೈಗೆ ಹೊಡೆದಳು. ತೋಳು ಸೋತಾಗ ಗೋಡೆಗೆ ಒರಗಿ ಉಸಿರು ತಗೊಂಡು ಮತ್ತೆ ಹೊಡೆದಳು. ವಠಾರದವರು ಬಾಗಿಲಲ್ಲಿ ಸೇರಿದರು. "ಬಿಡೇ, ಕೊಂದೀಯ" ಎಂದು ಅಕ್ಕಯಮ್ಮ ಕೂಗಿದಳು.

"ನಗ್ತೀಯಾ? ನನ್ನ ನೋಡಿ ನಗ್ತೀಯಾ?" ಅಷ್ಟೇ ಸಿದ್ದಮ್ಮನ ಮಾತು.

ಹನುಮಕ್ಕ ಕೊನೆಗೆ ಮೂಲೆಯಿಂದ ಹೇಳಿದಳು. "ಅತ್ತಿದ್ರೆ ಇನ್ನೂ ನಗ್ತಿದ್ರು ಅವ್ವ."

ಅದು ನಿಜವೆಂದು ಸಿದ್ದಮ್ಮನಿಗೆ ಆ ಕ್ಷಣವೇ ತಿಳಿಯಿತು. ತಿಳಿದದ್ದು ಅವಳ ಸಿಟ್ಟನ್ನು ಇಳಿಸಲಿಲ್ಲ. ಪೊರಕೆ ಎಸೆದು, "ನಾಳೆಯಿಂದ ಸ್ಕೂಲಿಲ್ಲ ನಿಂಗೆ" ಅಂದಳು. ಸಿಟ್ಟಿನ ಮಾತು, ಬೆಳಗಾದರೆ ಸರಿಹೋಗುತ್ತದೆಂದು ವಠಾರದವರು ಅಂದುಕೊಂಡರು. ಬೆಳಗಾದ ಮೇಲೆ ಸಿದ್ದಮ್ಮ ಮಗಳ ಕೈ ಹಿಡಿದು ಎರಡು ಬೀದಿ ಆಚೆ ಊದಿನಕಡ್ಡಿ ಹೊಸೆಯುವ ಮನೆಗೆ ಕರೆದುಕೊಂಡು ಹೋಗಿ ಕೂರಿಸಿದಳು. ಆಮೇಲೆ ತಾನು ಶಾಲೆಗೆ ಹೋಗಿ ಗಂಟೆ ಬಾರಿಸಿದಳು.

ಶೀನಣ್ಣ ಬಂದು ಹೇಳಿ ನೋಡಿದ. ಸಿದ್ದಮ್ಮ ಗುಡಿಸುತ್ತಲೇ ಇದ್ದಳು. ಹತ್ತನೇ ದಿನ, ಭಾನುವಾರ, ಶ್ರೀನಿವಾಸಯ್ಯನವರೇ ಬಂದರು. ವಠಾರದ ಚರಂಡಿ ದಾಟಿ, ತಗ್ಗು ಬಾಗಿಲಿಗೆ ತಲೆ ಬಗ್ಗಿಸಿ ನಿಂತರು. ಸಿದ್ದಮ್ಮ ಚಾಪೆ ಹಾಸಿದಳು. ಅವರು ಕೂರಲಿಲ್ಲ.

"ಹುಡುಗಿಗೆ ಹುಷಾರಿಲ್ವೇನಮ್ಮ?"

"ಚೆನ್ನಾಗವ್ಳೆ ಮೇಷ್ಟ್ರೇ. ಸ್ಕೂಲು ಬಿಡಿಸ್ಬುಟ್ಟೆ."

"ಹಾಗನ್ಬೇಡ. ನಾನು ನಲವತ್ತು ಜನಕ್ಕೆ ಪಾಠ ಮಾಡ್ತೀನಿ. ತಲೆಗೆ ಹೋಗೋದು ಇಬ್ಬರಿಗೋ ಮೂವರಿಗೋ. ಅದ್ರಲ್ಲಿ ಇವಳೊಬ್ಬಳು. ಇಂಥ ಹುಡುಗಿ ಇಪ್ಪತ್ತು ವರ್ಷಕ್ಕೆ ಒಂದ್ಸಲ ಸಿಗೋದು. ಇವಳು ಬಿ.ಎಸ್ಸಿ. ಮಾಡ್ತಾಳೆ, ನಾನು ನಿಂತು ಓದಿಸ್ತೀನಿ."

ಅವರ ದನಿ ನಿಜವಾಗಿಯೂ ಒಡೆದಿತ್ತು. ಅದು ನಟನೆಯಲ್ಲವೆಂದು ಸಿದ್ದಮ್ಮನಿಗೂ ಗೊತ್ತಾಯಿತು. ಏಳು ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ಅವಳ ಹತ್ತಿರ ಏನೋ ಬೇಡುತ್ತಿದ್ದರು.

"ನನ್ನ ಹಂಗೆ ನಡೆಸ್ದಿರಲ್ಲ, ಅದ್ಯಾಕೆ ಮೇಷ್ಟ್ರೇ?"

"ಮಕ್ಕಳಿಗೆ ಅರ್ಥ ಆಗ್ಲಿ ಅಂತ ಕಣಮ್ಮ. ಇಷ್ಟು ವರ್ಷದಲ್ಲಿ ನಿಂಗೆ ನಾನು ಒಂದು ಮಾತು ಅಂದಿದೀನಾ?"

"ಇಲ್ಲ."

"ಮತ್ತೆ?"

"ನಿಮ್ಮನೇವ್ರನ್ನ ಹಂಗೆ ನಡೆಸ್ತಿದ್ರಾ?"

ಶ್ರೀನಿವಾಸಯ್ಯನವರ ಮುಖ ಕೆಂಪಾಯಿತು. ಒಂದು ಗಳಿಗೆ ಅವರು ಏನೋ ಹೇಳಲು ಹೊರಟಂತಿತ್ತು. ಹೇಳಿದ್ದು ಬೇರೆ. "ಮಾತು ಎಲ್ಲಿಂದ ಎಲ್ಲಿಗೋ ಹೋಗ್ತಾ ಇದೆ. ಆಯ್ತು, ಇನ್ಮೇಲೆ ಕರೆಯಲ್ಲ, ಸರೀನಾ? ಹುಡುಗೀನ ಕಳ್ಸು."

"ಕ್ಲಾಸಲ್ಲಿ ಹೇಳಿ. ತಪ್ಪಾಯ್ತು ಅಂತ ಆ ಮಕ್ಳ ಮುಂದೆ ಹೇಳಿ. ನಾನೇ ಕರ್ಕೊಂಡ್ ಬತ್ತೀನಿ."

"ಅದೆಂಗಾಗುತ್ತೆ?" ಅಂದರು ಮೇಷ್ಟ್ರು. ಬಹಳ ಮೆಲ್ಲಗೆ, ತಮಗೇ ಕೇಳಿಕೊಂಡ ಹಾಗೆ.

ಒಳಗಿನ ಕತ್ತಲೆಯಿಂದ ಹನುಮಕ್ಕ ಹೊಸ್ತಿಲಿಗೆ ಬಂದಳು. ಬೆರಳುಗಳೆಲ್ಲ ಊದಿನಕಡ್ಡಿಯ ಹಿಟ್ಟಿನಿಂದ ಕಪ್ಪಾಗಿದ್ದವು. "ಸಾರ್, ನಾನು ಬರ್ತೀನಿ ಸಾರ್. ನಂಗೇನೂ ಬೇಜಾರಿಲ್ಲ ಸಾರ್."

ಮೇಷ್ಟ್ರು ಅವಳ ಕೈ ನೋಡಿದರು. "ನಿಮ್ಮಮ್ಮನ್ನ ಒಪ್ಸಮ್ಮ" ಎಂದು ಹೇಳಿ, ತಲೆ ಬಗ್ಗಿಸಿ ಬಾಗಿಲು ದಾಟಿ, ಸೈಕಲ್ ತಳ್ಳಿಕೊಂಡು ಹೋದರು. ಮತ್ತೆ ಬರಲಿಲ್ಲ. ಹನುಮಕ್ಕ ಒಂದು ತಿಂಗಳು ತಾಯಿಯ ಜೊತೆ ಮಾತಾಡಲಿಲ್ಲ, ದಿನವೂ ಸಂಜೆ ಎಂಟನೇ ತರಗತಿಯ ಪುಸ್ತಕವನ್ನು ದೀಪದ ಮುಂದೆ ತೆರೆದು ಕೂರುತ್ತಿದ್ದಳು. ಸಿದ್ದಮ್ಮ ಅದನ್ನು ನೋಡಿಯೂ ನೋಡದ ಹಾಗೆ ಮಗ್ಗುಲಾಗುತ್ತಿದ್ದಳು. ನಾಳೆಯಿಂದ ಹೋಗು ಅನ್ನುವ ಒಂದೇ ಒಂದು ಮಾತು ನಾಲಗೆಯ ತುದಿಗೆ ಬರುತ್ತಿತ್ತು. ಹೇಳಿದರೆ ತಾನು ಸೋತ ಹಾಗೆ ಅನ್ನಿಸುತ್ತಿತ್ತು. ಬದುಕಿನಲ್ಲಿ ಅವಳು ಗೆದ್ದದ್ದು ಅದೊಂದೇ ಸಲ, ಅದೂ ಸ್ವಂತ ಮಗಳ ಮೇಲೆ. ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

ಮರುವರ್ಷ ಪಾಠಕ್ಕೆ ಮೇಷ್ಟ್ರು ಚಾರ್ಟು ತಗುಲಿಹಾಕಿದರು. "ಸಾರ್, ಯುರೇನಸ್ ಕರೀರಿ ಸಾರ್" ಎಂದು ಹುಡುಗರು ಗಲಾಟೆ ಮಾಡಿದರು. "ಬೇಡ ಬಿಡ್ರಪ್ಪ, ಆಯಮ್ಮ ಬೇಜಾರು ಮಾಡ್ಕೊಳ್ತಾಳೆ" ಅಂದರು ಮೇಷ್ಟ್ರು. ಆ ಮಾತಿಗೆ ಎದ್ದ ನಗು ಹೊರಗೆ ಜಗುಲಿ ಗುಡಿಸುತ್ತಿದ್ದ ಸಿದ್ದಮ್ಮನಿಗೆ ಕೇಳಿಸಿತು. ನಡೆದಾಗ ನಕ್ಕದ್ದಕ್ಕಿಂತ ಅದು ಹೆಚ್ಚಾಗಿತ್ತು.

ಹನುಮಕ್ಕನನ್ನು ಹದಿನೆಂಟು ತುಂಬಿದ ವರ್ಷ ಅಪ್ಪಯ್ಯ ಎಂಬವನಿಗೆ ಕೊಟ್ಟರು. ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ, ಮಾಗಡಿ ರಸ್ತೆಯಲ್ಲಿ ಮನೆ. ಕೆಟ್ಟವನಲ್ಲ. ಊದಿನಕಡ್ಡಿ ಹೊಸೆಯುವುದು ಮಾತ್ರ ಅವಳನ್ನು ಅಲ್ಲೂ ಬಿಡಲಿಲ್ಲ. ಸಿದ್ದಮ್ಮ ಶಾಲೆಯಲ್ಲಿ ಕೂಲಿಯ ಮೇಲೆಯೇ ಉಳಿದಳು. ಎಂಬತ್ತಾರರ ಸಂಕ್ರಾಂತಿಗೆ ಶಾಲೆಗೆ ನಲ್ಲಿ ಹಾಕಿಸಿ, ಕರೆಂಟಿನ ಬೆಲ್ ಕೂರಿಸಿದರು. "ಹಬ್ಬ ಮುಗಿಸ್ಕೊಂಡು ಹಾಗೇ ಮನೇಲೇ ಇದ್ಬಿಡು ಸಿದ್ದಮ್ಮ" ಎಂದು ಹೇಳಲು ಶೀನಣ್ಣನನ್ನೇ ಕಳಿಸಿದರು. ಅವನು ಹೇಳಿ, ಒಂದು ಲೋಟ ನೀರು ಕೇಳಿ ಕುಡಿದು ಹೋದ.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಹನುಮಕ್ಕ ಬಂದಳು. ಕಂಕುಳಲ್ಲಿ ಎರಡು ವರ್ಷದ ಹೆಣ್ಣುಮಗು, ಕೈಯಲ್ಲಿ ಒಂದು ಪತ್ರಿಕೆ. ಗಂಡನ ಪ್ರೆಸ್ಸಿನಿಂದ ಬಂದದ್ದು. ಮಗುವನ್ನು ಇಳಿಸಿ, ಗೋಡೆಗೆ ಒರಗಿ ಕೂತು, ಪತ್ರಿಕೆ ಬಿಡಿಸಿದಳು.

"ನಿನ್ ಗ್ರಹದ ಹತ್ರ ಹೋಗಿದಾರಂತೆ ಅವ್ವ."

ಸಿದ್ದಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. ಎಂಟೂವರೆ ವರ್ಷದಲ್ಲಿ ಇಬ್ಬರ ನಡುವೆ ಆ ಮಾತು ಬಂದಿರಲಿಲ್ಲ.

ಹನುಮಕ್ಕ ತರಗತಿಯಲ್ಲಿ ಎದ್ದು ನಿಂತು ಓದುವ ಹುಡುಗಿಯ ಹಾಗೆ, ಒಂದೊಂದೇ ಮಾತು ಬಿಡಿಸಿ ಓದಿದಳು. ಮನುಷ್ಯರಿಲ್ಲದ ಒಂದು ಯಂತ್ರ ಎಂಟು ವರ್ಷ ಹಾರಿ ಅಲ್ಲಿಗೆ ಮುಟ್ಟಿದೆ. ಹತ್ತಿರದಿಂದ ನೋಡಿದರೂ ಮೈಮೇಲೆ ಗುರುತೇ ಇಲ್ಲ, ಬರೀ ನೀಲಿ. ಇನ್ನೂರು ಡಿಗ್ರಿಗಿಂತ ಕೆಳಗಿನ ಚಳಿ. ಬೇರೆ ದೊಡ್ಡ ಗ್ರಹಗಳು ಒಳಗಿನ ಬಿಸಿಯನ್ನು ಹೊರಗೆ ಬಿಡುತ್ತವೆ, ಇದು ಬಿಡುವುದೇ ಇಲ್ಲ ಅನ್ನುವಷ್ಟು ಕಡಿಮೆ. ಉಂಗುರಗಳು ಇದ್ದಿಲಿನ ಹಾಗೆ ಕಪ್ಪು. ಹೊಸದಾಗಿ ಹತ್ತು ಚಂದ್ರಗಳು ಸಿಕ್ಕಿವೆ. ಮೊದಲೇ ಗೊತ್ತಿದ್ದ ಚಂದ್ರಗಳಲ್ಲಿ ಒಂದರ ಮೈ ಎಷ್ಟು ಹರಿದು ಹೋಗಿದೆ ಅಂದರೆ, ಹಿಂದೊಮ್ಮೆ ಅದು ಚೂರುಚೂರಾಗಿ ಮತ್ತೆ ಹೇಗೋ ಅಂಟಿಕೊಂಡಿರಬೇಕೆಂದು ಕೆಲವರು ಹೇಳುತ್ತಾರೆ.

"ಅದ್ಯಾಕಂಗೆ ಅಡ್ಡ ಬಿತ್ತಂತೆ?" ಎಂದು ಕೇಳಿದಳು ಸಿದ್ದಮ್ಮ. ಹದಿಮೂರು ವರ್ಷ ಆ ಹೆಸರು ಹೊತ್ತವಳು ಕೇಳಿದ ಮೊದಲ ಪ್ರಶ್ನೆ.

"ಏನೋ ದೊಡ್ಡದು ಬಂದು ಗುದ್ದಿರ್ಬೇಕಂತೆ. ನೋಡ್ದೋರು ಯಾರೂ ಇಲ್ವಲ್ಲ."

ಮಗು ಅವರೆಕಾಳುಗಳನ್ನು ಚೆಲ್ಲಿ ಆಡುತ್ತಿತ್ತು. ಸಿದ್ದಮ್ಮ ಅವನ್ನು ಒಂದೊಂದಾಗಿ ಹೆಕ್ಕಿ ಮೊರಕ್ಕೆ ಹಾಕಿದಳು. ಆಮೇಲೆ, ಬಹಳ ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದಳು.

"ನಿನ್ನ ಸ್ಕೂಲು ಬಿಡಿಸ್ಬಾರ್ದಾಗಿತ್ತು ನಾನು."

ಹನುಮಕ್ಕ ಪತ್ರಿಕೆಯನ್ನು ಮಡಿಸಿದಳು. ಇಲ್ಲ ಬಿಡವ್ವ, ಅಂತ ಅವಳು ಅನ್ನುತ್ತಾಳೆಂದು ಸಿದ್ದಮ್ಮ ಕಾದಳು.

"ಹೌದು" ಅಂದಳು ಹನುಮಕ್ಕ. "ಬಿಡಿಸ್ಬಾರ್ದಾಗಿತ್ತು."

ಮಗುವಿನ ಕೈಯಿಂದ ಕಾಳು ಬಿಡಿಸಿ, ಕಂಕುಳಿಗೆ ಎತ್ತಿಕೊಂಡು, "ಮಾಗಡಿ ರೋಡ್ ಬಸ್ಸು ಆಮೇಲೆ ರಶ್ ಆಗುತ್ತೆ" ಎಂದು ಹೊರಟಳು. ಸಿದ್ದಮ್ಮ ಬಾಗಿಲ ತನಕ ಹೋದಳು. ಮಗಳು ವಠಾರದ ಚರಂಡಿ ದಾಟಿ ಬೀದಿಗೆ ಇಳಿದಳು; ತಿರುಗಿ ನೋಡಲಿಲ್ಲ.

ಆಮೇಲೂ ಅವಳು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದಳು. ಹಣ್ಣು ತರುತ್ತಿದ್ದಳು, ತಾಯಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದಳು. ತಾನಾಗಿ ಒಂದು ಮಾತನ್ನೂ ಆಡುತ್ತಿರಲಿಲ್ಲ.